ಆಷಾಢದ ಕೊನೆಯ ದಿನದ ನಿಯಮ

ಪರೀಕ್ಷೆಗೆ ಇನ್ನೊಂದೇ ಗಂಟೆ ಇದ್ದಾಗ ಪವಿತ್ರಾ ತುಲಾಧರ್ ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ನುಗ್ಗಿದಳು. ಕಠ್ಮಂಡುವಿನ ಒಂದು ರಾಯಭಾರ ಕಚೇರಿಯಲ್ಲಿ ಇಪ್ಪತ್ತು ವರ್ಷ ಚಹಾ ಕೊಟ್ಟವಳು. ರಾಜತಾಂತ್ರಿಕ ಅಧ್ಯಯನದ ಸರ್ಟಿಫಿಕೇಟ್ ಸಿಕ್ಕರೆ ಅದೇ ಕಚೇರಿಯಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಹುದ್ದೆ ಅವಳದು. ತರಗತಿಗೂ ಅವಳೇ ಮೊದಲು. ಎರಡನೆಯವನು ಪ್ರೊಫೆಸರ್ ರಿಮಾಲರ ಸೋದರಳಿಯ.

"ದಿದಿ, ನನ್ನ ಹೆಸರು ಹೊಡೆದುಹಾಕಿದಾರೆ! ನಲವತ್ತೈದು ದಾಟಿದೋರು ಬರೆಯೋ ಹಾಗಿಲ್ವಂತೆ. ನಾನಂತೂ ಮನೆಗೆ ಹೋಗಲ್ಲ. ಬೇಕಾದ್ರೆ ನಾಲ್ಕು ಜನ ಸೇರಿ ಹೊತ್ತು ಹೊರಗೆ ಹಾಕ್ಲಿ!"

ದಿದಿ ಎಂದರೆ ಗ್ರಂಥಪಾಲಕಿ ಹೀರಾದೇವಿ ಶಾಕ್ಯ. ಮನೆ ಕಾಲೇಜಿನ ಆವರಣದಲ್ಲೇ. ಅಲ್ಲಿನ ಕಳ್ಳಾಟಗಳೆಲ್ಲ ಬಯಲಾಗುತ್ತಿದ್ದುದು ಅವಳ ಮೇಜಿನ ಮೇಲೆ. ನಾನು ಪುಸ್ತಕಕ್ಕೆ ರಟ್ಟು ಕಟ್ಟುವವನು, ಅವಳ ಬಾಲ. ಈ ವಯಸ್ಸಿನಲ್ಲಿ ಸುಳ್ಳೇಕೆ? ಬುದ್ಧಿಯೆಲ್ಲ ಅವಳದೇ.

ಅವಳು ತಂದಿದ್ದ ನಿಯಮ ತಿದ್ದುಪಡಿಯ ಹಾಳೆಗೆ ವಿಭಾಗದ ಮೊಹರು ಬಿದ್ದಿತ್ತು. 'ಈ ವರ್ಷದ ಆಷಾಢ ಮೂವತ್ತೆರಡರ ಸಭೆಯ ತೀರ್ಮಾನ' ಎಂದಿತ್ತು. ನಮ್ಮ ನೇಪಾಳದಲ್ಲಿ ತಿಂಗಳು ಸೂರ್ಯನ ಲೆಕ್ಕದ್ದು, ಮೂವತ್ತೆರಡು ದಿನವೂ ಇರಬಹುದು; ಸರ್ಕಾರಿ ಲೆಕ್ಕದ ವರ್ಷ ಮುಗಿಯುವುದು ಆಷಾಢದ ಕೊನೆಗೆ. ತಡವಾದ ಕೆಲಸ ಯಾವತ್ತು ಮಾಡಿದರೂ ಆ ಕೊನೆಯ ದಿನದ ತಾರೀಖನ್ನೇ ಹಾಕುವ ಚಾಳಿ ಎಲ್ಲ ಕಚೇರಿಗೂ ಉಂಟು.

ಮೊಹರು ಸಿಗುತ್ತಿದ್ದುದು ಇಬ್ಬರಿಗೇ, ವಿಭಾಗದ ಗುಮಾಸ್ತನಿಗೆ ಮತ್ತು ರಿಮಾಲರಿಗೆ. ಗುಮಾಸ್ತ ಚೂಡಾಮಣಿಯ ಗೋಡೆಯಲ್ಲಿ ಈ ವರ್ಷದ ಪಂಚಾಂಗ ನೇತಾಡುತ್ತಿತ್ತು. ರಿಮಾಲರ ಗೋಡೆಯಲ್ಲಿ ಅವರು ಹಾರ ಹಾಕಿಸಿಕೊಂಡ ಫೋಟೊ ಅಚ್ಚಾದ ಕ್ಯಾಲೆಂಡರು. ವರ್ಷ ಕಳೆದರೂ ತೆಗೆಯಲು ಮನಸ್ಸು ಬಂದಿರಲಿಲ್ಲ.

ಡೀನ್ ಇಂದ್ರಕಲಾ ಗುರುಂಗರ ಕೋಣೆಯಲ್ಲಿ ದಿದಿ ಎಲ್ಲರನ್ನೂ ಸೇರಿಸಿದಳು.

"ಚೂಡಾಮಣಿ, ಈ ಸಲ ಆಷಾಢ ಎಷ್ಟು ದಿನ?"

"ಮೂವತ್ತೊಂದು, ದಿದಿ. ಮಾರನೇ ದಿನಾನೇ ಶ್ರಾವಣ."

"ಮೂವತ್ತೆರಡು ಕಣಯ್ಯಾ! ನನ್ನ ಗೋಡೆ ಮೇಲೇ ಇದೆ, ಬಂದು ನೋಡು!" ರಿಮಾಲರು ಗುಡುಗಿದರು.

"ನೋಡ್ಕೊಂಡೇ ಬಂದೆ, ಸರ್. ಅದು ಹೋದ ವರ್ಷದ್ದು," ಎಂದಳು ದಿದಿ. "ನಮ್ಮ ತಿಂಗಳು ವರ್ಷಕ್ಕೊಂದು ಅಳತೆ. ಈ ಸಲ ಮೂವತ್ತೆರಡನೇ ದಿನವೇ ಹುಟ್ಟಲಿಲ್ಲ. ಸಭೆ ಎಲ್ಲಿ ನಡೀತು? ಹಾಳೆ ಆಮೇಲೆ ಹುಟ್ಟಿದ್ದು. ಮೊಹರು ಇಬ್ಬರ ಕೈಲಿದೆ. ಚೂಡಾಮಣಿ ಆಗಿದ್ರೆ ಮೂವತ್ತೊಂದು ಅಂತ ಬರೀತಿದ್ದ. ಇನ್ನು ಸೋದರಳಿಯನನ್ನ ಮೊದಲನೇ ಸ್ಥಾನಕ್ಕೆ ಏರಿಸೋ ಆತುರ ಯಾರಿಗೆ, ನೀವೇ ಹೇಳಿ."

"ರಾಯಭಾರ ಅಂದ್ರೆ ಚಹಾ ತಟ್ಟೆ ಹಿಡಿಯೋದಲ್ಲ!" ರಿಮಾಲರು ಪವಿತ್ರಾಳತ್ತ ತಿರುಗಿದರು.

"ಎಲ್ಲಾ ದೇಶದೋರೂ ಮೊದಲು ಕೈ ಚಾಚೋದು ಆ ತಟ್ಟೆಗೇ, ಸರ್," ಎಂದಳು ಪವಿತ್ರಾ.

ಡೀನ್ ಹಾಳೆಯ ಮೇಲೆ ಅಡ್ಡಗೆರೆ ಎಳೆದರು. "ಮುಂದಿನ ವಾರ ಬೇರೆಯಾಗಿ ಬರೀಮ್ಮ."

"ಬೇರೆ ಯಾಕೆ? ಎಲ್ಲರ ಜೊತೆ, ಇವತ್ತೇ," ಎಂದಳು ಪವಿತ್ರಾ.

ಅವಳು ಪರೀಕ್ಷಾ ಕೋಣೆಯಲ್ಲಿ ಕೂತಾಗ ಗಂಟೆ ಹೊಡೆದು ಹತ್ತು ನಿಮಿಷವಾಗಿತ್ತು. ಡೀನರ ಆಜ್ಞೆಯಂತೆ ರಿಮಾಲರೇ ಬಂದು, ಮುಖ ತಿರುಗಿಸಿ, ಒಂದೇ ಕೈಯಲ್ಲಿ ಪ್ರಶ್ನೆಪತ್ರಿಕೆ ಚಾಚಿದರು. ಪವಿತ್ರಾ ಮುಟ್ಟಲಿಲ್ಲ.

"ಎರಡೂ ಕೈಲಿ ಕೊಡಿ, ಸರ್. ಶಿಷ್ಟಾಚಾರ ನೀವೇ ಕಲಿಸಿದ್ದು."

ಇಡೀ ಕೋಣೆ ಪೆನ್ನು ಕೆಳಗಿಟ್ಟು ನೋಡಿತು. ಅವರು ಎರಡೂ ಕೈಯಲ್ಲಿ ಕೊಟ್ಟರು.