ಸೊನ್ನೆ ತೋರಿಸಿದ ಮುಳ್ಳು

“ಮುಟ್ಟಬೇಡಿ, ತನುಜಾ!”

ರುದ್ರೇಶ್ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ. ಸ್ಪ್ಯಾನರ್ ನೆಲಕ್ಕೆ ಬಿತ್ತು. ವರ್ಷವಿಡೀ ಜೊತೆಯಲ್ಲಿ ದುಡಿದಿದ್ದರೂ ಅವನು ಅವಳನ್ನು ಸ್ಪರ್ಶಿಸಿದ್ದು ಅದೇ ಮೊದಲು.

“ಮೀಟರ್ ಸೊನ್ನೆ ತೋರಿಸ್ತಿದೆಯಲ್ಲ...”

“ಅದು ಸುಳ್ಳು. ನೀವು ಅವಸರದಲ್ಲಿ ವಾಲ್ವ್ ಒಮ್ಮೆಲೇ ಪೂರ್ತಿ ತೆರೆದ್ರಿ. ಗ್ಯಾಸ್ ಪೈಪಲ್ಲೇ ಹೆಪ್ಪುಗಟ್ಟಿ ಮೀಟರಿಗೆ ತಲುಪ್ತಿಲ್ಲ, ಪಾತ್ರೆಯೊಳಗೆ ಪ್ರೆಶರ್ ಹಾಗೇ ಇದೆ. ಮುಚ್ಚಳ ಬಿಚ್ಚಿದ್ದಿದ್ರೆ ನಾವಿಬ್ರೂ ಇರ್ತಿರಲಿಲ್ಲ.”

ತನುಜಾ ಹಿಂದೆ ಸರಿದಳು.

2002ರಲ್ಲಿ, ಭದ್ರಾವತಿಯ ಆ ಸಣ್ಣ ಪ್ರಯೋಗಶಾಲೆಗೆ ಅವರಿಬ್ಬರೇ ಸಂಶೋಧಕರು. ಉಕ್ಕಿನ ಪಾತ್ರೆಯೊಳಗೆ ಇಂಗಾಲದ ಡೈಆಕ್ಸೈಡನ್ನು ಕಾಯಿಸಿ, ಒತ್ತಿ, ಅನಿಲವೂ ಅಲ್ಲದ ದ್ರವವೂ ಅಲ್ಲದ ಸ್ಥಿತಿಗೆ ತಂದು, ಅದರಲ್ಲಿ ಪಾಲಿಮರ್ ತಯಾರಿಸುತ್ತಿದ್ದರು. ವಿಷದ ದ್ರಾವಕ ಬೇಡ. ಕುಲುಮೆಯ ಪಕ್ಕದ ತಂತಿಗೆ ಹೊದಿಸಿದರೂ ಆ ಪಾಲಿಮರ್ ಕರಗಬಾರದು. ಇದೇ ಇಬ್ಬರ ಕನಸು.

ಪಾತ್ರೆಯನ್ನು ಮುಚ್ಚಿದವರು ಅದು ಖಾಲಿಯಾಗುವವರೆಗೆ ಹೊರಡುವಂತಿಲ್ಲ ಎಂಬುದು ಅಲ್ಲಿನ ನಿಯಮ. ಅಂದು ಮುಚ್ಚಿದವಳು ತನುಜಾ. ಸಂಜೆ ಗೋಪಾಳ ಬಡಾವಣೆಯ ಅವಳ ಮನೆಗೆ, ಅವಳನ್ನು ನೋಡಲು ಹೊಳಲೂರಿನ ಗಂಡಿನ ಕಡೆಯವರು ಬರುವವರಿದ್ದರು. ಒಪ್ಪಿಗೆಯಾದರೆ ಸಂಶೋಧನೆ ಮುಗಿಯಿತು, ರುದ್ರೇಶನೂ...

ಅವಳು ತೆರೆದ ಕಿಟಕಿಯತ್ತ ನೋಡಿದಳು. ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ...’

ರುದ್ರೇಶ್ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಪೈಪಿಗೆ ಸುತ್ತಿದ.

“ಹೋದ ವಾರ ಅಪ್ಪ ಬಂದು ಕೇಳಿದಾಗ, ನಾನಿಲ್ಲದೆಯೂ ಕೆಲಸ ನಡೆಯುತ್ತೆ ಅಂದ್ರಂತೆ ನೀವು. ನಾನು ಅಷ್ಟು ಬೇಡವಾದ್ನಾ?” ತನುಜಾ ಕೇಳಿದಳು.

“ಈ ಸಂಬಂಧಕ್ಕೆ ನೀವು ಒಪ್ಪಿದ್ದೀರಿ ಅಂದ್ರು. ಅಡ್ಡ ಬರಬಾರದು ಅಂತ ಹಾಗಂದೆ.”

“ನನ್ನನ್ನ ಯಾರೂ ಕೇಳೇ ಇಲ್ಲ, ಮಾರಾಯ್ರೆ.”

ಅವನು ಪೈಪಿನಿಂದ ತಲೆಯೆತ್ತಿ ಅವಳತ್ತ ತಿರುಗಿದ.

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ತನುಜಾಳ ತಂದೆ ಷಣ್ಮುಖಪ್ಪ ಬಾಗಿಲಿಗೆ ಬಂದರು.

“ಏನಮ್ಮ, ಗಂಡಿನ ಕಡೆಯವರು ಆಗಲೇ ಹೊಳಲೂರಿಂದ ಹೊರಟಿದ್ದಾರಂತೆ. ನೀವಿಲ್ಲಿ ಒದ್ದೆ ಬಟ್ಟೆ ಹಾಕ್ತಿದ್ದೀರಿ. ಪೈಪಿಗೇನು ಜ್ವರಾನಾ?”

“ಇದು ಖಾಲಿಯಾಗೋವರೆಗೂ ಬರಲ್ಲಪ್ಪ. ಆಮೇಲೆ ಬಂದರೂ ಅವರ ಮುಂದೆ ಕೂರಲ್ಲ.”

ಷಣ್ಮುಖಪ್ಪ ರುದ್ರೇಶನತ್ತ ತಿರುಗಿದರು. “ಇವಳಿಲ್ಲದೆ ನಡೆಯುತ್ತೆ ಅಂದಿದ್ರಲ್ಲ ನೀವು?”

“ಕೆಲಸ ನಡೆಯುತ್ತೆ, ಸಾರ್. ನನಗೆ ನಡೆಯಲ್ಲ.”

ತಂದೆ ಮಗಳತ್ತ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ.

“ಬಂದವರಿಗೆ ನಾನೇನು ಹೇಳಲಿ ಈಗ...” ಎಂದು ಗೊಣಗುತ್ತ ಅವರು ಒಬ್ಬರೇ ಹಿಂದಿರುಗಿದರು.

ಹೆಪ್ಪು ಕರಗಿ ಗ್ಯಾಸ್ ಹೊರಬರುತ್ತ, ಪೈಪು ಮೆಲ್ಲನೆ ಸುಯ್ಗುಟ್ಟತೊಡಗಿತು.

“ಮನೆಗೆ ಹೋದ್ರೆ ಬೈತಾರೆ,” ಎಂದಳು ತನುಜಾ.

“ನಾನೂ ಬರ್ತೀನಿ. ಅರ್ಧ ನನಗೆ ಬೈಲಿ.”

“ಅಮ್ಮ ಒಂದೇ ದಿನಕ್ಕೆ ನಿಲ್ಲಿಸೋರಲ್ಲ.”

“ಹಾಗಾದ್ರೆ ದಿನಾ ಬರ್ತೀನಿ.”