ಜೇಬಿನಲ್ಲಿದ್ದ ಕೆಂಪು ಪಟ್ಟಿ

"ನನಗೆ ನ್ಯಾಯ ಬೇಡ. ಯಾರು ಅಂತ ಹೇಳಿ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಟೈರ್ ಅಂಗಡಿಯ ಮೇಲಿನ ದೊಡ್ಡಮ್ಮನ ಕೋಣೆಗೆ ಮೆಟ್ಟಿಲು ಹತ್ತಿ ಬಂದವರು ಮೊದಲು ನೀರು ಕೇಳುವುದು ವಾಡಿಕೆ. ಈ ಹೆಂಗಸು ಕುರ್ಚಿಯ ಅಂಚಿನಲ್ಲಿ ಕೂತು ಕೊಂದವನ ಹೆಸರು ಕೇಳಿದಳು. ಮೂವತ್ತರ ಆಸುಪಾಸು, ಮುಂಗೈಗಳ ತುಂಬ ಕಿಡಿ ಹಾರಿ ಸುಟ್ಟ ಚುಕ್ಕೆಗಳು. ವೆಲ್ಡಿಂಗ್ ಕೆಲಸದವಳು. ಮಡಿಲಲ್ಲಿದ್ದ ಚೀಲದಿಂದ ಚೂಪು ಮೂತಿಯ ಸುತ್ತಿಗೆಯೊಂದು ಇಣುಕುತ್ತಿತ್ತು. ಬೆಸುಗೆಯ ಮೇಲಿನ ಕರಕಲು ಕೆತ್ತುವ ಸುತ್ತಿಗೆ ಅದು. ಆದರೆ ಅವಳು ಅದನ್ನು ಹಿಡಿದಿದ್ದ ರೀತಿ ನೋಡಿ ಕಡ್ಡಿ ತನ್ನ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಳು.

ಕಡ್ಡಿ ಎಂದರೆ ದೊಡ್ಡಮ್ಮನ ತಂಗಿಯ ಮಗಳು. ತೆಳ್ಳಗಿದ್ದಾಳೆಂದು ದೊಡ್ಡಮ್ಮನೇ ಇಟ್ಟ ಅಡ್ಡಹೆಸರು. ದೊಡ್ಡಮ್ಮನಿಗೂ ಒಂದು ಅಡ್ಡಹೆಸರಿತ್ತು. ಮೂವತ್ತು ವರ್ಷ ಚಾಲನಾ ಪರೀಕ್ಷೆ ನಡೆಸಿ ಅರ್ಧ ಊರನ್ನು ಅನುತ್ತೀರ್ಣ ಮಾಡಿದ್ದಳು. ಹಾಗಾಗಿ ಊರಿಗೆ ಅವಳು ಫೇಲಮ್ಮ. ನಿವೃತ್ತಿಯಾದ ಮೇಲೆ ಜನರ ಗಾಡಿಗಳ ಬದಲು ಜನರ ಸುಳ್ಳುಗಳನ್ನು ಪರೀಕ್ಷಿಸುತ್ತಿದ್ದಳು. ಅವಳನ್ನು ಕಾರಿನಲ್ಲಿ ಕರೆದೊಯ್ಯುವುದು, ಅವಳು ಮರೆತ ಕನ್ನಡಕ ಹುಡುಕುವುದು ಕಡ್ಡಿಯ ಪಾಲಿನ ಕೆಲಸ.

"ಮೊದಲಿಂದ ಹೇಳಮ್ಮ," ಎಂದಳು ದೊಡ್ಡಮ್ಮ.

ಬಂದವಳು ಸತ್ತವನ ತಂಗಿ. ಅವಳು ಹೇಳಿದಳು. ಗುಡ್ಡದ ಮೇಲೆ ವಿದ್ಯುತ್ ಟವರು ಕಟ್ಟುವ ಕಂಪನಿಯಲ್ಲಿ ಅವಳ ಅಣ್ಣ ಟ್ರಕ್ ಓಡಿಸುತ್ತಿದ್ದ. ಎಷ್ಟು ಬೈದರೂ ಅವಸರ ಮಾಡದವನಾದ್ದರಿಂದ ಎಲ್ಲರೂ ಅವನನ್ನು ನಿಧಾನಿ ಎನ್ನುತ್ತಿದ್ದರು. ಹನ್ನೆರಡು ದಿನದ ಹಿಂದೆ, ಕೆಸರಿನ ಹಾದಿ ದಾಟಿ ಬಂಡೆಯ ತಿರುವಿಗೆ ಬಂದಾಗ ಅವನ ಟ್ರಕ್ಕು ಹಿಂಭಾಗ ಜಾರಿ ಕಣಿವೆಗೆ ಉರುಳಿತು. ಕೆಸರು ದಾಟಲು ಮಾತ್ರ ಹಾಕುವ ಡಿಫ್ ಲಾಕಿನ ಸ್ವಿಚ್ಚು ಹಾಕಿದಂತೆಯೇ ಇತ್ತು. ಕಂಪನಿಯ ಪುಸ್ತಕದಲ್ಲಿ ಎರಡೇ ಮಾತು ಬರೆದು ಮುಗಿಸಿದರು: ಚಾಲಕನ ತಪ್ಪು.

"ಅವನು ಲಾಕ್ ಹಾಕಿದ ತಕ್ಷಣ ಸ್ಟೀರಿಂಗಿಗೆ ಕೆಂಪು ಬಟ್ಟೆ ಪಟ್ಟಿ ಕಟ್ತಿದ್ದ. ಲಾಕ್ ತೆಗೆದ ಮೇಲೆ ಬಿಚ್ಚಿ, ಮಡಚಿ, ಜೇಬಿಗೆ. ಹದಿನಾಲ್ಕು ವರ್ಷದಲ್ಲಿ ಒಂದು ದಿನ ತಪ್ಪಿಸಿದೋನಲ್ಲ." ಅವಳು ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ನಾಲ್ಕು ಮಡಿಕೆ ನೀಟಾಗಿದ್ದವು. "ಆಸ್ಪತ್ರೆಯವರು ಕೊಟ್ಟ ಬಟ್ಟೇಲಿ, ಅಂಗಿ ಜೇಬಲ್ಲಿತ್ತು."

"ಯಾರ ಮೇಲೆ ಅನುಮಾನ?"

"ಜೋರು. ಇನ್ನೊಂದು ಟ್ರಕ್ಕಿನ ಡ್ರೈವರು. ಮೊದಲು ಹೆಣದ ಹತ್ತಿರ ಇಳಿದೋನು ಅವನೇ. ನಿನ್ನ ಸ್ವಿಚ್ಚೇ ನಿನ್ನ ಕೊಲ್ಲುತ್ತೆ ಅಂತ ಎಲ್ಲರ ಮುಂದೆ ಅಂದಿದ್ದ. ನಾಡಿದ್ದು ಅವನು ಗುಡ್ಡದಿಂದ ಕೆಳಗೆ ಬರ್ತಾನೆ."

"ಬಂದರೆ?"

ತಂಗಿ ಸುತ್ತಿಗೆಯ ಮೂತಿಯನ್ನು ಚೀಲದೊಳಗೆ ಸರಿಸಿದಳು. "ಅಷ್ಟರೊಳಗೆ ನೀವು ಬೇರೆ ಯಾರಾದ್ರೂ ಅಂತ ಹೇಳಿದ್ರೆ ಸರಿ. ಇಲ್ಲದಿದ್ರೆ ನನ್ನ ದಾರಿ ನನಗೆ."

ಅವಳು ಇಳಿದು ಹೋದ ಮೇಲೆ ಕಡ್ಡಿ ಕೇಳಿದಳು, "ದೊಡ್ಡಮ್ಮ, ಒಂದು ಸ್ವಿಚ್ಚು ಹೇಗೆ ಮನುಷ್ಯನ್ನ ಕೊಲ್ಲುತ್ತೆ?"

"ಹಿಂದಿನ ಎರಡು ಚಕ್ರ ಒಂದೇ ಮನೆಯ ಇಬ್ಬರು ಮಕ್ಕಳು ಅಂದ್ಕೋ. ತಿರುವಲ್ಲಿ ಹೊರಗಿನವನು ಹೆಚ್ಚು ಓಡಬೇಕು, ಒಳಗಿನವನು ಕಡಿಮೆ. ಅವರವರ ಪಾಡಿಗೆ ಓಡೋಕೆ ಬಿಡೋದು ಡಿಫ್. ಆದರೆ ಕೆಸರಲ್ಲಿ ಒಬ್ಬ ಗರಗರ ತಿರುಗ್ತಾ ನಿಂತರೆ ಬಲವೆಲ್ಲ ಅವನಿಗೇ ಹೋಗಿ, ಗಟ್ಟಿ ನೆಲದ ಮೇಲಿರೋ ಇನ್ನೊಬ್ಬ ಸುಮ್ಮನೆ ಕೂತಿರ್ತಾನೆ. ಆಗ ಇಬ್ಬರ ಕೈಯನ್ನೂ ಸೇರಿಸಿ ಕಟ್ಟಬೇಕು. ಅದೇ ಲಾಕ್."

"ಕಟ್ಟಿದ ಕೈ ಬಿಚ್ಚದೆ ಜಾರೋ ಬಂಡೆ ಮೇಲೆ ಕಳಿಸಿದ್ರೆ?"

"ಬಿಚ್ಚಿದ್ದರೆ ಒಬ್ಬ ಜಾರಿದ್ರೂ ಇನ್ನೊಬ್ಬ ನೆಲ ಕಚ್ಚಿ ಹಿಡೀತಾನೆ. ಕಟ್ಟಿದ್ದರೆ ಇಬ್ಬರೂ ಒಟ್ಟಿಗೇ ಜಾರ್ತಾರೆ."

ಕಡ್ಡಿಗೆ ಅಜ್ಜಿಯ ಕತೆಯೊಂದರ ಅಣ್ಣತಮ್ಮಂದಿರು ನೆನಪಾದರು. ಕೈ ಕೈ ಹಿಡಿದೇ ಬಾವಿಗೆ ಬಿದ್ದವರು.

ಮರುದಿನ ಬೆಳಿಗ್ಗೆ ಇಬ್ಬರೂ ತಿರುವಿಗೆ ಹೋದರು. ಬಂಡೆ ಕಣಿವೆಯ ಕಡೆಗೆ ವಾಲಿತ್ತು. ಮೇಲಿಂದ ನೀರು ಜಿನುಗಿ ಅರ್ಧ ಭಾಗ ಪಾಚಿಗಟ್ಟಿತ್ತು. ಪಾಚಿಗೆ ಮುಂಚಿನ ಒಣ ಜಾಗದಲ್ಲಿ ಎರಡೂ ಹಿಂದಿನ ಟೈರುಗಳು ಕಲ್ಲಿಗೆ ತೀಡಿದ ಕರಿಗೆರೆಗಳಿದ್ದವು. ದೊಡ್ಡಮ್ಮ ಮಂಡಿಯೂರಿ ನೋಡಿದಳು.

"ಲಾಕ್ ಬಿದ್ದೇ ಇತ್ತು. ಬಿಚ್ಚಿದ ಡಿಫ್ ತಿರುವಲ್ಲಿ ಟೈರನ್ನ ಹೀಗೆ ಉಜ್ಜಲ್ಲ."

"ಹಾಗಾದ್ರೆ ನಿಧಾನಿ ಮರೆತಿದ್ದು ನಿಜಾನಾ? ಪಟ್ಟಿ ಜೇಬಲ್ಲಿತ್ತಲ್ಲ?"

"ಪಟ್ಟಿ ಒಂದು ಹೇಳುತ್ತೆ, ಟೈರು ಇನ್ನೊಂದು ಹೇಳುತ್ತೆ. ಎರಡರ ಮೇಲೂ ನನಗೆ ನಂಬಿಕೆ ಇದೆ, ಕಡ್ಡಿ. ಹಾಗಾದ್ರೆ ಸುಳ್ಳು ಹೇಳ್ತಿರೋದು ಸ್ವಿಚ್ಚು."

ತಿರುವು ದಾಟಿ ಇನ್ನಷ್ಟು ಮೇಲೆ ಜೋರು ತನ್ನ ಟ್ರಕ್ಕಿನೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದ. ಯಾರೆಂದು ಖಚಿತವಾದ ಮೇಲೆಯೇ ಗಾಜು ಇಳಿಸಿದ. ದೊಡ್ಡ ಮೀಸೆ, ಸಣ್ಣ ದನಿ.

"ಜಗಳ ಆಗಿದ್ದು ನಿಜ, ಅಮ್ಮ. ಎರಡು ಗಾಡಿಗೂ ಹಳೇ ಲಾಕ್ ತೆಗೆಸಿ ಹೊಸದು ಹಾಕಿಸ್ತೀನಿ, ಯಾವ ಥರದ್ದು ಬೇಕು ಅಂತ ಯಜಮಾನ್ರು ಕೇಳಿದ್ರು. ನಾನು ತಾನಾಗೇ ಬಿದ್ದು ತಾನಾಗೇ ಬಿಡೋದು ತಗೊಂಡೆ. ಸ್ವಿಚ್ಚಿಲ್ಲ, ತಲೆನೋವಿಲ್ಲ. ಅವನು ಸ್ವಿಚ್ಚಿನದೇ ಬೇಕು ಅಂದ. ನಿನ್ನದು ನಿನ್ನ ಕೇಳದೆ ಕಚ್ಚುತ್ತೆ, ನನ್ನದು ನಾನು ಹೇಳಿದಾಗ ಮಾತ್ರ ಅಂತ ಆಡ್ಕೊಂಡ. ಸಿಟ್ಟಲ್ಲಿ ಏನೋ ಅಂದುಬಿಟ್ಟೆ."

"ಅವತ್ತು ಏನು ನೋಡಿದೆ?"

"ಎರಡು ದಿನದಿಂದ ಮೇಲಿನ ಟವರಿನ ಹತ್ತಿರಾನೇ ಇದ್ದೆ. ಇಳಿದು ಬರ್ತಿದ್ದೆ, ಅವನು ಉರುಳಿದ ಸದ್ದು ಕೇಳ್ತು. ಓಡಿ ಹೋಗಿ ಎಳ್ಕೊಂಡೆ. ಕೀ ಹಾಗೇ ಇತ್ತು, ದೀಪ ಎಲ್ಲಾ ಉರೀತಿತ್ತು. ಲಾಕ್ ಹಾಕಿದ್ರೆ ಹತ್ತೋ ಹಳದಿ ದೀಪ ಮಾತ್ರ ಆರಿತ್ತು. ವಿಮೆಯವರಿಗೂ ಹೇಳ್ದೆ. ಸ್ವಿಚ್ಚು ಹಾಕಿತ್ತು, ದೀಪ ಹೇಗೆ ಆರಿರುತ್ತೆ, ನೀನು ಕುಡ್ದಿದ್ಯಾ ಅಂದ್ರು."

"ಆಮೇಲೆ ಯಾರು ಬಂದ್ರು?"

"ಮೇಸ್ತ್ರಿ. ನಮ್ಮ ಗಾಡಿಗಳ ರಿಪೇರಿ ಮಾಡೋನು. ಬೆಂಕಿ ಹತ್ತೀತು ಅಂತ ಕ್ಯಾಬಿನ್ನಿಗೆ ನುಗ್ಗಿ ಕೀ ಆರಿಸಿದ. ಪಾಪ, ಮಗು ಥರ ಅತ್ತ."

ಮೇಸ್ತ್ರಿಯ ಗ್ಯಾರೇಜು ಗುಡ್ಡದ ಬುಡದಲ್ಲಿತ್ತು. ಸ್ಪ್ಯಾನರುಗಳು ಗೋಡೆಯ ಮೇಲೆ ಎತ್ತರದ ಸಾಲಿನಲ್ಲಿ ನಿಂತ ಶಾಲೆಯ ಮಕ್ಕಳಂತೆ ತೂಗುತ್ತಿದ್ದವು. ಹಿಂದೆ ಗಾಡಿ ತೊಳೆಯುವ ಗುಂಡಿ. ಅದರ ಕೆಸರಿನ ಮೇಲೆ ಎಣ್ಣೆಯ ಬಣ್ಣಗಳು ತೇಲುತ್ತಿದ್ದವು. ನರೆತ ಗಡ್ಡದ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು ಸ್ಟೂಲು ಹಾಕಿದ.

"ಆ ದಿನ ಬೆಳಿಗ್ಗೆ ಸರ್ವಿಸ್ ಮುಗಿಸಿ ನಾನೇ ಅವನ ಕೈಗೆ ಗಾಡಿ ಕೊಟ್ಟೆ, ಅಮ್ಮ. ಲಾಕ್ ಹಾಕಿದ್ದೇ ಮರೆತಿದ್ದಾನೆ. ಮನುಷ್ಯ ಅಂದ ಮೇಲೆ ಮರೆವು."

"ಗಾಡೀಲಿ ದೋಷ ಇದ್ದಿರಬಹುದಾ?"

"ನನ್ನ ಕೈಯಿಂದ ಹೋದ ಗಾಡೀಲಿ ದೋಷ ಇರಲ್ಲ. ಆದ್ರೆ ಈ ಕಣಜದ ಹುಳಗಳ ಕಾಟ ಹೇಳೋಕಾಗಲ್ಲ, ನೋಡಿ. ಸಣ್ಣ ಕೊಳವೆ ಬಾಯಿ ಸಿಕ್ಕಿದ್ರೆ ಸಾಕು, ಮಣ್ಣು ತಂದು ಮೆತ್ತಿಬಿಡ್ತವೆ." ಅವನು ನಿಟ್ಟುಸಿರಿಟ್ಟ. "ಒಳ್ಳೆ ಮನುಷ್ಯ ನಿಧಾನಿ."

ಟ್ರಕ್ಕು ಉರುಳಿದ ಸಂಜೆಯೇ ಯಜಮಾನ ಅದನ್ನು ಮೇಲೆತ್ತಿಸಿ, ವಿಮೆಯವರಿಗಾಗಿ ಶೆಡ್ಡಿಗೆ ಹಾಕಿ ಬೀಗ ಜಡಿದಿದ್ದ. ಫೇಲಮ್ಮನನ್ನು ಕಂಡೊಡನೆ ಅವನು ಎದ್ದು ನಿಂತ. ಇಪ್ಪತ್ತೈದು ವರ್ಷದ ಹಿಂದೆ ಅವಳು ಅವನನ್ನು ಮೂರು ಸಲ ಫೇಲು ಮಾಡಿದ್ದಳು.

"ನಾಲ್ಕನೇ ಸಲ ಪಾಸು ಮಾಡಿದ್ದೆನಲ್ಲಪ್ಪ, ಕೂತ್ಕೋ. ಶೆಡ್ಡಿನ ಕೀಲಿ ಕೊಡು. ಅಪಘಾತದ ಪುಸ್ತಕಾನೂ ಕೊಡು."

ಪುಸ್ತಕದಲ್ಲಿ ಆ ತಿರುವಿನ ಬಗ್ಗೆ ಎರಡು ಬರಹಗಳಿದ್ದವು. ಒಂದು ನಿಧಾನಿಯದು. ಇನ್ನೊಂದು ಮೂರು ವರ್ಷ ಹಳೆಯದು: ಮೇಸ್ತ್ರಿಯ ಮಗ, ವಯಸ್ಸು ಇಪ್ಪತ್ತೆರಡು. ಅದರಲ್ಲೂ ಅದೇ ಎರಡು ಮಾತು. ಕೆಳಗೆ ಸಾಕ್ಷಿಯ ಸಹಿ ನಿಧಾನಿಯದು. ದೊಡ್ಡಮ್ಮ ಆ ಪುಟದ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡಿದ್ದಳು.

ಶೆಡ್ಡಿನಲ್ಲಿ ನಜ್ಜುಗುಜ್ಜಾದ ಟ್ರಕ್ಕು ಕಡ್ಡಿಗೆ ಅಜ್ಜಿಯ ಕತೆಗಳ ಸತ್ತ ಆನೆಯಂತೆ ಕಂಡಿತು. ಬಾನೆಟ್ಟಿನ ಒಳಗೆ ಲಾಕಿಗೆ ಗಾಳಿ ಕಳಿಸುವ ಬೆರಳುದ್ದದ ವಾಲ್ವು ಇತ್ತು.

"ಸ್ವಿಚ್ಚು ಹಾಕಿದ್ರೆ ಇದು ಗಾಳಿ ಒಳಗೆ ಬಿಡುತ್ತೆ, ಲಾಕ್ ಬೀಳುತ್ತೆ. ತೆಗೆದ್ರೆ ಈ ತೂತಿನಿಂದ ಗಾಳಿ ಹೊರಗೆ ಹೋಗುತ್ತೆ, ಲಾಕ್ ಬಿಡುತ್ತೆ. ದೀಪಕ್ಕೆ ಗೊತ್ತಿರೋದು ಸ್ವಿಚ್ಚಿನ ಸಮಾಚಾರ ಮಾತ್ರ," ಎಂದಳು ದೊಡ್ಡಮ್ಮ. ಆ ತೂತಿನ ಬಾಯಿಗೆ ಮಣ್ಣು ಮೆತ್ತಿತ್ತು. ಅವಳು ತಲೆಯ ಪಿನ್ನು ತೆಗೆದು ಕೆರೆದಳು. ಒಳಗೆ ಪಿನ್ನಿನ ತುದಿ ಟಿಕ್ ಎಂದಿತು. ಅವಳು ಮಣ್ಣನ್ನು ಕಾಗದಕ್ಕೆ ಉದುರಿಸಿ ಕಡ್ಡಿಯ ಮೂಗಿನ ಬಳಿ ಹಿಡಿದಳು.

"ಡೀಸೆಲ್ ವಾಸನೆ," ಎಂದಳು ಕಡ್ಡಿ. ಆಮೇಲೆ ತಡೆದು, "ಆದ್ರೆ ದೊಡ್ಡಮ್ಮ, ಅಜ್ಜಿ ಹೇಳ್ತಿದ್ಲಲ್ಲ, ಕಣಜ ಅಂದ್ರೆ ಶಾಪಕ್ಕೆ ಸಿಕ್ಕಿದ ಕುಂಬಾರರ ಹುಡುಗಿ, ಹೊಲಸು ಮಣ್ಣು ಮುಟ್ಟಲ್ಲ ಅಂತ. ನಾವು ಚಿಕ್ಕವರಿದ್ದಾಗ ಎಣ್ಣೆ ಚೆಲ್ಲಿದ ಮಣ್ಣು ಇಟ್ಟು ಪರೀಕ್ಷೆ ಮಾಡಿದ್ವಿ. ಒಂದೂ ಹತ್ತಿರ ಬರಲಿಲ್ಲ."

ದೊಡ್ಡಮ್ಮ ಅವಳ ತಲೆ ಸವರಿದಳು. ಪರೀಕ್ಷೆಯ ಮೂವತ್ತು ವರ್ಷದಲ್ಲಿ ಆ ಕೈ ಯಾರ ತಲೆಯನ್ನೂ ಸವರಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಎಲ್ಲರೂ ಆ ಶೆಡ್ಡಿನಲ್ಲೇ ಸೇರಿದರು: ಯಜಮಾನ, ಮೇಸ್ತ್ರಿ, ಒಬ್ಬ ಪೊಲೀಸ್ ಅಧಿಕಾರಿ. ಜೋರು ಅಧಿಕಾರಿಯ ಪಕ್ಕ ಬಿಟ್ಟು ಕದಲಲಿಲ್ಲ. ತಂಗಿ ಬಾಗಿಲ ಬಳಿ ನಿಂತಿದ್ದಳು, ಒಂದು ಕೈ ಚೀಲದೊಳಗೆ.

"ನಿಧಾನಿ ಲಾಕ್ ತೆಗೆದಿದ್ದ," ದೊಡ್ಡಮ್ಮ ಶುರು ಮಾಡಿದಳು. "ಪಟ್ಟಿ ಜೇಬಲ್ಲಿತ್ತು, ಹಳದಿ ದೀಪ ಆರಿತ್ತು. ಆದ್ರೂ ಲಾಕ್ ಬಿಟ್ಟಿರಲಿಲ್ಲ, ಟೈರಿನ ಗೆರೆ ನೋಡಿ. ನೆಟ್ಟಗಿನ ದಾರೀಲಿ ಅದು ಗೊತ್ತಾಗಲ್ಲ. ತಿರುವಲ್ಲಿ ಗೊತ್ತಾಗೋ ಹೊತ್ತಿಗೆ ಪಾಚಿ ಮೇಲಿದ್ದ. ಗಾಳಿ ಹೊರಗೆ ಹೋಗೋ ತೂತು ಮುಚ್ಚಿತ್ತು."

"ಕಣಜ," ಎಂದ ಮೇಸ್ತ್ರಿ ಮೆಲ್ಲಗೆ. "ನಾನು ನಿನ್ನೇನೇ ಅಂದೆನಲ್ಲ."

"ಅಂದೆ. ಅದನ್ನೇ ಯೋಚಿಸ್ತಿದ್ದೆ. ನೀನು ಕಣಜದ ಮಾತೆತ್ತಿದಾಗ ಶೆಡ್ಡಿಗೆ ಬೀಗ ಬಿದ್ದಿತ್ತು. ತೂತಿನ ಬಾಯಲ್ಲಿ ಮಣ್ಣಿದೆ ಅಂತ ಲೋಕದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು." ಅವಳು ಕಾಗದದ ಮಣ್ಣನ್ನು ಗಾಜಿನ ಲೋಟದ ನೀರಿಗೆ ಸುರಿದಳು. ಮಣ್ಣು ಕೆಳಗಿಳಿಯಿತು, ನೀರಿನ ಮೇಲೆ ನೀಲಿ, ನೇರಳೆ ಪೊರೆ ಹರಡಿತು. "ಎಣ್ಣೆ ಮಣ್ಣನ್ನ ಕಣಜ ಮುಟ್ಟಲ್ಲ. ನಿನ್ನ ತೊಳೆಯೋ ಗುಂಡೀಲಿ ಇಂಥ ಮಣ್ಣು ಬೇಕಾದಷ್ಟಿದೆ. ಇನ್ನು ಇದು." ಅಂಗೈಯಲ್ಲಿ ಪುಟ್ಟ ಹಿತ್ತಾಳೆ ಸ್ಕ್ರೂ ಹೊಳೆಯಿತು. "ಮಣ್ಣಿನ ಹಿಂದೆ ಬಿಗಿಯಾಗಿ ಕೂತಿತ್ತು. ಕಣಜ ಸ್ಕ್ರೂ ತಿರುಗಿಸೋದು ಯಾವಾಗ ಕಲೀತು, ಮೇಸ್ತ್ರಿ?"

ಮೇಸ್ತ್ರಿ ತಲೆ ತಗ್ಗಿಸಿದ.

"ಇದು ಜೋರುನ ಕೆಲಸ ಯಾಕಲ್ಲ?" ಬಾಗಿಲ ಕಡೆಯಿಂದ ತಂಗಿ ಕೇಳಿದಳು.

"ಗಾಡಿ ಬೆಳಿಗ್ಗೆವರೆಗೆ ಗ್ಯಾರೇಜಲ್ಲಿತ್ತು, ಅವನು ಎರಡು ದಿನದಿಂದ ಗುಡ್ಡದ ಮೇಲಿದ್ದ. ಅಲ್ಲದೆ ಸ್ವಿಚ್ಚು ಹಾಕಿದೋನು ಅವನೇ ಆಗಿದ್ರೆ, ದೀಪ ಉರೀತಿತ್ತು ಅಂತ ಹೇಳ್ತಿದ್ದ. ತನ್ನ ಕುತ್ತಿಗೆಗೆ ಬರೋ ನಿಜಾನ ಯಾಕೆ ಹೇಳ್ತಾನೆ? ಅವನ ನಂತರ ಕ್ಯಾಬಿನ್ನಿಗೆ ಹೋದೋನು ಒಬ್ಬನೇ. ಒಂದು ಕೈಯಲ್ಲಿ ಕೀ ಆರಿಸಿದ, ಇನ್ನೊಂದರಲ್ಲಿ ಸ್ವಿಚ್ಚು ಹಾಕಿದ. ಕೊಂದರೆ ಸಾಲ್ತಿರಲಿಲ್ಲ ಅವನಿಗೆ. ಪುಸ್ತಕದಲ್ಲಿ ಆ ಎರಡು ಮಾತು ಬರಬೇಕಿತ್ತು."

ಮೇಸ್ತ್ರಿ ತಲೆಯೆತ್ತಿದ. ಮುಖದಲ್ಲಿ ಅಳು ಇರಲಿಲ್ಲ. "ನನ್ನ ಮಗ ಮಣ್ಣಾದ ದಿನ ನಿಧಾನಿ ಬಂದು ಸಹಿ ಹಾಕಿದ. ಚಾಲಕನ ತಪ್ಪು. ಲಾಕ್ ತೆಗಿ ಅಂತ ಕೂಗಿ ಹೇಳಿದ್ದೆ, ನಿನ್ನ ಮಗ ಕೇಳಲಿಲ್ಲ ಅಂದ. ಸುಮ್ಮನಿರಬಹುದಿತ್ತು. ಮೂರು ವರ್ಷ ಅವನ ಗಾಡಿಗೆ ಎಣ್ಣೆ ಹಾಕ್ತಾ ಕಾದೆ. ಆ ಎರಡು ಮಾತು ಅವನ ಮನೆಯವರೂ ಓದ್ಲಿ ಅಂತ." ಅವನು ದೊಡ್ಡಮ್ಮನ ಕಡೆ ತಿರುಗಿದ. "ನನ್ನ ಮಗನಿಗೆ ಲೈಸೆನ್ಸು ಕೊಟ್ಟಿದ್ದು ನೀವೇ, ಗೊತ್ತಾ?"

"ಗೊತ್ತು. ಪುಟ ನೋಡಿದಾಗಿಂದ ನಿದ್ದೆ ಇಲ್ಲ. ಅವನನ್ನ ಇನ್ನೊಂದು ಸಲ ಫೇಲು ಮಾಡಬೇಕಿತ್ತು."

ತಂಗಿ ನಡೆದು ಬಂದಳು. ಸುತ್ತಿಗೆ ಈಗ ಕೈಯಲ್ಲಿತ್ತು. ಅಧಿಕಾರಿ ಎದ್ದ. ದೊಡ್ಡಮ್ಮ ಅವನ ತೋಳು ಹಿಡಿದಳು.

"ಹೊಡಿ," ಎಂದ ಮೇಸ್ತ್ರಿ. ಕತ್ತು ಬಗ್ಗಿಸಿದ.

ಅವಳು ಆ ಕತ್ತನ್ನು ನೋಡಿದಳು. ಆಮೇಲೆ ಯಜಮಾನನ ಕೈಯಿಂದ ಪುಸ್ತಕ ಕಿತ್ತು, ಬಾನೆಟ್ಟಿನ ಮೇಲೆ ಬಿಚ್ಚಿ, ಪೆನ್ನು ಮುಂದಿಟ್ಟಳು. "ಆ ಎರಡು ಮಾತು ಹೊಡೆದು ಹಾಕು. ಕೆಳಗೆ ನೀನು ಏನು ಮಾಡಿದೆ ಅಂತ ಬರಿ. ನಿನ್ನ ಕೈಯಿಂದಲೇ."

ಅವನು ಗೆರೆ ಎಳೆದ. ಬರೆದ. ಸಹಿ ಹಾಕಿದ. ಬಳಿಕ ಬೆರಳು ತಾನಾಗಿಯೇ ಪುಟಗಳನ್ನು ಹಿಂದಕ್ಕೆ ತಿರುವಿ, ಮೂರು ವರ್ಷ ಹಳೆಯ ಹಾಳೆಯ ಮೇಲೆ ನಿಂತಿತು. "ಇದನ್ನೂ..." ಎಂದ. "ತಾಯೀ, ಇದನ್ನೂ ಹೊಡೆದು ಹಾಕ್ಲಾ?"

ಅವಳು ಸುತ್ತಿಗೆಯನ್ನು ಆ ಪುಟದ ಮೇಲೆ ಮೆಲ್ಲಗೆ ಇಟ್ಟಳು.

"ಅದು ಹಾಗೇ ಇರುತ್ತೆ. ನಮ್ಮಣ್ಣ ಸಹಿ ಹಾಕಿದ್ದು ನಿಜಕ್ಕೆ. ನೀನು ಬದುಕಿರ್ಬೇಕು. ದಿನಾ ಬೆಳಗೆದ್ದು ಅದು ಹಾಗೇ ಇದೆ ಅಂತ ನೆನೆಸ್ಕೋಬೇಕು."

ಆಗ ಮೇಸ್ತ್ರಿ ಬಾನೆಟ್ಟಿಗೆ ಹಣೆಯೂರಿ ಅತ್ತ. ಅಜ್ಜಿಯ ಕತೆಗಳಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿರುತ್ತಿರಲಿಲ್ಲ, ಎಲ್ಲೋ ದೂರದ ಗಿಳಿಯಲ್ಲಿರುತ್ತಿತ್ತು. ಇವನ ಪ್ರಾಣ ಆ ಎರಡು ಮಾತಿನಲ್ಲಿತ್ತು; ವೆಲ್ಡಿಂಗಿನ ಹೆಂಗಸಿಗೆ ಅದು ಹೇಗೆ ತಿಳಿಯಿತೋ ಎಂದು ಕಡ್ಡಿ ಬೆರಗಾದಳು.

ಅಧಿಕಾರಿ ಅವನನ್ನು ಕರೆದೊಯ್ದ ಮೇಲೆ ಜೋರು ಕೆಮ್ಮಿದ. "ಯಜಮಾನ್ರೇ, ನನ್ನ ಗಾಡಿಗೂ ಸ್ವಿಚ್ಚಿಂದೇ ಹಾಕಿಸಿಬಿಡಿ. ಅವನು ಹೇಳಿದ್ದು ಸರಿ ಇತ್ತು."

ತಂಗಿ ಕೆಂಪು ಪಟ್ಟಿಯನ್ನು ತೆಗೆದು ಅವನ ಅಂಗಿ ಜೇಬಿಗೆ ತುರುಕಿದಳು.

"ಲಾಕ್ ಹಾಕಿದಾಗ ಕಟ್ಟು, ತೆಗೆದ ಮೇಲೆ ಮಡಚಿ ಜೇಬಿಗಿಡು. ಒಂದು ದಿನ ಮರೆತೆ ಅಂತ ನನ್ನ ಕಿವಿಗೆ ಬಿದ್ರೆ, ಸುತ್ತಿಗೆ ಇನ್ನೂ ನನ್ನ ಹತ್ತಿರಾನೇ ಇದೆ."