ಜೋಡಿಸರ ಬಿಚ್ಚಿದ ದಿನ

ಮುಂಜಾನೆ ಕೋಟೆಗೋಡೆ ಬಿರುಕು ಬಿಟ್ಟಿತು. ಊರು ಬೆಳೆದು ಗೋಡೆಗೆ ತಾಗಿತ್ತು. ಸೂರ್ಯ ಮುಳುಗುವಾಗ ಊರು ಒಡೆದು ಎರಡಾಗಲಿತ್ತು. ಆ ಸೀಮೆಯಲ್ಲಿ ಹಾಗೆಯೇ. ಒಂದು ಊರು ಎರಡೂರಾಗುತ್ತದೆ, ಒಬ್ಬ ಮನುಷ್ಯ ಇಬ್ಬರಾಗುತ್ತಾನೆ.

ಊರಿನ ಜೀವ ಅರಮನೆಯ ಪಾಳುಬಾವಿಯ ತಳದಲ್ಲಿತ್ತು. ಎರಡೆಳೆ ಹೊಸೆದ ಮಣಿಸರ ಅದು. ಊರು ಒಡೆಯುವ ಮೊದಲು ಆ ಒಂದು ಸರ ಎರಡು ಸರವಾಗಬೇಕು. ಮಣಿ ತಪ್ಪಿದರೆ ಮನುಷ್ಯರು ತಪ್ಪುತ್ತಾರೆ.

ಹೊಳೆಯ ಆಚೆ ದಡದ ಊರು ಹಿಂದಿನ ಸಲ ಹಾಗೆ ತಪ್ಪಿತ್ತು. ತಪ್ಪಿದ್ದು ಒಂದೇ ಮಣಿ. ಅಲ್ಲಿಯವರಿಗೆ ಕಣ್ಣಿನ ರೆಪ್ಪೆ ಇಲ್ಲ. ನಿದ್ದೆ ಇಲ್ಲ. ದಡದಲ್ಲಿ ಸಾಲಾಗಿ ನಿಂತು ಈಚೆಗೆ ನೋಡುತ್ತಿದ್ದರು. ಅವರ ನಿದ್ದೆಯನ್ನು ಕುಡಿದು ಬದುಕಿದ್ದವನು ಮಂತ್ರವಾದಿ ಗೊರವಂಕ. ಯಾರ ದನಿಯಲ್ಲಿ ಬೇಕಾದರೂ ಮಾತಾಡಬಲ್ಲವನು.

ಮಣಿ ಪೋಣಿಸುವ ಕೆಲಸ ದೇಮವ್ವನದು.

"ಸಂಜೆಯೊಳಗೆ ಮುಗಿಯುತ್ತಾ?" ಅರಸ ಕೇಳಿದ.

"ಯಾರೂ ಮಾತಾಡಿಸದಿದ್ದರೆ ಮುಗಿಯುತ್ತೆ, ಬುದ್ಧಿ."

ಮಗಳು ಹೂವಿ ಸೆರಗು ಹಿಡಿದಳು. "ಅವ್ವಾ, ನನ್ನ ರೆಪ್ಪೆನೂ ಹೋಗುತ್ತಾ?"

"ಸೆರಗು ಬಿಡು," ಎಂದಳು ದೇಮವ್ವ. ಮಗಳ ರೆಪ್ಪೆಯನ್ನು ಒಮ್ಮೆ ಸವರಿ ಬಾವಿಗಿಳಿದಳು.

ತಳದಲ್ಲಿ ಸರಕ್ಕೆ ಒಂದು ಹಾವು ಸುತ್ತಿಕೊಂಡಿತ್ತು.

"ನಾನು ಬಿಚ್ಚದೆ ಎಳೆ ಬೇರೆಯಾಗದು. ನನಗೇನು ಕೊಡ್ತೀಯ?"

"ಏನು ಬೇಕು?"

"ಕೆಲಸ ಮುಗಿಯುವ ತನಕ ನಿನ್ನ ಕಣ್ಣಿನ ಬೆಳಕು."

"ತಗೋ."

ದೇಮವ್ವನ ಕಣ್ಣಿಗೆ ಕತ್ತಲಾಯಿತು. ಹಾವು ಹೊಸೆತ ಬಿಚ್ಚುತ್ತ ಮುಂದೆ ಸರಿಯಿತು. ಬೇರೆಯಾದ ಎಳೆಗಳ ಮಣಿಗಳು ಊರಿನ ಸತ್ತವರ ದನಿಯಲ್ಲಿ ಕೇಳತೊಡಗಿದವು: "ನನ್ನ ಜೋಡಿ ಎಲ್ಲಿ? ನನ್ನ ಜೋಡಿ ಎಲ್ಲಿ?"

"ಹವಳಕ್ಕೆ ಮುತ್ತು, ಗುಲಗಂಜಿಗೆ ಕವಡೆ," ಎಂದು ಗೊಣಗುತ್ತ ದೇಮವ್ವ ಬಾವಿಗೋಡೆಯ ಗೂಡುಗಳಿಂದ ಮಣಿ ತೆಗೆದು ಪ್ರತಿ ಎಳೆಯ ಎದುರಿಗೆ ಹೊಸ ಎಳೆ ಪೋಣಿಸಿದಳು. ಜೋಡಿ ಸಿಕ್ಕ ಮಣಿ ಕಚ್ಚಿಕೊಂಡು ಸುಮ್ಮನಾಗುತ್ತಿತ್ತು. ಒಂದು ಮಣಿ ಕೂರಿಸಿದ ಮೇಲೆ ಬೆರಳನ್ನು ಒಮ್ಮೆ ಹಿಂದಕ್ಕೆ ಆಡಿಸಿ, ಆಮೇಲೆಯೇ ಮುಂದಿನದಕ್ಕೆ ಹೋಗುವುದು ಅವಳ ರೂಢಿ.

ಒಂದು ಎಳೆ ಹಾವಿನ ಹಿಂದೆಯೇ ಸಲೀಸಾಗಿ ಬಂತು. ಇನ್ನೊಂದು ತಲೆಕೆಳಗಾಗಿತ್ತು. ಹಾವು ಹೋದ ದಿಕ್ಕಿಗೆ ಹೋದರೆ ಮಣಿ ಕೂರಲಿಲ್ಲ. ಹಾವನ್ನು ಸ್ವಲ್ಪ ಮುಂದೆ ಬಿಟ್ಟು, ಅಲ್ಲಿಂದ ಹಿಂದಕ್ಕೆ ಪೋಣಿಸಿದಳು. ಮತ್ತೆ ಸ್ವಲ್ಪ ಮುಂದೆ, ಮತ್ತೆ ಹಿಂದಕ್ಕೆ.

"ತುಂಡು ತುಂಡು ಮಾಡಿಟ್ಟೆಯಲ್ಲೇ!" ಎಳೆ ನಕ್ಕಿತು.

"ಗಂಟು ಹಾಕೋಕೂ ಬರುತ್ತೆ," ಎಂದು ತುಂಡುಗಳನ್ನೆಲ್ಲ ಸೇರಿಸಿ ಬಿಗಿದಳು.

ಸರದ ತುದಿ ಹತ್ತಿರ ಬಂತು. ಆಗ ಕಿವಿಯ ಬಳಿ ಹೂವಿಯ ದನಿ.

"ಅವ್ವಾ, ಸೂರ್ಯ ಮುಳುಗ್ತಿದ್ದಾನೆ. ಬೇಗ. ಇಗೋ, ಮುತ್ತು."

ತಣ್ಣನೆಯ ಕೈಯೊಂದು ಅವಳ ಅಂಗೈಯಲ್ಲಿ ಮಣಿ ಇಟ್ಟಿತು. ಅವಳು ಅದನ್ನು ಹವಳದ ಎದುರಿಗೆ ಕೂರಿಸಿದಳು. ಬೆರಳು ಹಿಂದಕ್ಕೆ ಹೊರಟಿತು.

"ಹಿಂದೆ ಯಾಕೆ ಮುಟ್ತೀಯವ್ವಾ? ಹೊತ್ತಿಲ್ಲ! ನನ್ನ ಕಣ್ಣು ಉರೀತಿದೆ!"

ಆದರೂ ದೇಮವ್ವನ ಬೆರಳು ಹಿಂದಕ್ಕೆ ಹೋಯಿತು. ಮಣಿ ಕೂತಿತ್ತು, ಕಚ್ಚಿರಲಿಲ್ಲ. ಹವಳಕ್ಕೂ ಅದಕ್ಕೂ ನಡುವೆ ಉಗುರು ತೂರಿತು. ಗಾಜು.

"ನನ್ನ ಮಗಳ ಕೈ ಬೆಚ್ಚಗಿರುತ್ತೆ ಕಣೋ," ಎಂದು ಗಾಜನ್ನು ಕಿತ್ತೆಸೆದು ಮುತ್ತು ಕೂರಿಸಿದಳು. ಉಳಿದವನ್ನೂ ಪೋಣಿಸಿ ಮುಗಿಸಿದಳು.

ಎಳೆಗಳು ತಾವೇ ಹೊಸೆದುಕೊಂಡು ಎರಡು ಸರವಾದವು. ಗಾಜನ್ನು ಮತ್ತೆ ತೂರಿಸಲು ಚಾಚಿದ್ದ ಗೊರವಂಕನ ಕೈ ನಡುವೆ ಸಿಕ್ಕಿತು. ಸರ ಬಿಡಲಿಲ್ಲ. ಹಾವು ಕಣ್ಣಿನ ಬೆಳಕು ಹಿಂದಿರುಗಿಸಿತು. ದೇಮವ್ವ ಬಾವಿಯಿಂದ ಮೇಲೆ ಬಂದಳು.

ಸೂರ್ಯ ಮುಳುಗಿದ. ಊರು ಎರಡಾಯಿತು. ಇಬ್ಬರು ಹೂವಿಯರು ರೆಪ್ಪೆ ಮಿಟುಕಿಸಿದರು.

"ಇದರಲ್ಲಿ ಹಳೆಯ ಊರು ಯಾವುದು?" ಇಬ್ಬರು ಅರಸರೂ ಒಟ್ಟಿಗೆ ಕೇಳಿದರು.

"ಎರಡರಲ್ಲೂ ಒಂದೆಳೆ ಹಳೇದು, ಒಂದೆಳೆ ಹೊಸದು," ಎಂದರು ಇಬ್ಬರು ದೇಮವ್ವಂದಿರೂ.

ಒಬ್ಬ ದೇಮವ್ವ ಮಕ್ಕಳನ್ನು ಮಲಗಿಸಿದಳು. ಇನ್ನೊಬ್ಬಳು ಹರಿಗೋಲು ಹತ್ತಿ ಆಚೆ ದಡದ ಬಾವಿಗಿಳಿದು, ಅಲ್ಲಿನ ಸರದ ಮೇಲೆ ಬೆರಳಾಡಿಸಿದಳು. ಹಳೆಯ ಗಾಜು ಸಿಕ್ಕಿತು. ಅದನ್ನು ಕಿತ್ತು ಮುತ್ತು ಕೂರಿಸಿದಳು.

ಈಚೆ ಗೊರವಂಕ ಬೂದಿಯಾಗಿ ಉದುರಿದ. ಆಚೆ ದಡದ ಊರು ಕಣ್ಣು ಮುಚ್ಚಿ ಮಲಗಿತು.